ಹೆದೆಗೆ ತಿಕ್ಕಿದ ಮೇಣ: ಬಯಲ್ನಾಡಿನ ಬಿಲ್ಲಿನ ಕಥೆಯಲ್ಲಿ ನಾವು ಮರೆತ ಅಧ್ಯಾಯ

ವಯನಾಡಿನ ಕನ್ನಡಿಗರಾದ ನಾವು ಈ ನೆಲದ ಇತಿಹಾಸವನ್ನು ಹೇಳಹೊರಟಾಗಲೆಲ್ಲ ಬಿಲ್ಲಿನ ಪ್ರಸ್ತಾಪ ಬಂದೇ ಬರುತ್ತದೆ. ಹೊಯ್ಸಳರ ಶಾಸನಗಳು ಬಯಲ್ನಾಡು ಎಂದು ಕರೆದ ಈ ಮಲೆಸೀಮೆಯಲ್ಲಿ ಕುರಿಚ್ಯರ ಬಿಲ್ಲುಗಾರಿಕೆಯ ಹೆಸರನ್ನು ಕೇಳದ ಮಕ್ಕಳಿಲ್ಲ. ಪಳಶ್ಶಿ ರಾಜನ ಕಾಳಗ, ಪನಮರದ ಕೋಟೆ, ತಲಕ್ಕಲ್ ಚಂದುವಿನ ಸಾಹಸ, ಇವೆಲ್ಲ ನಮ್ಮ ಮನೆಗಳಲ್ಲಿ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಹೇಳಿಕೊಂಡು ಬಂದ ಕಥೆಗಳು. ಆದರೆ ಬಿಲ್ಲನ್ನು ಇಷ್ಟು ಕೊಂಡಾಡುವ ನಾವು ಅದಕ್ಕೆ ಪ್ರಾಣ ಕೊಡುವ ಹೆದೆಯನ್ನು ಕುರಿತು ಒಂದು ಪುಟವನ್ನಾದರೂ ಬರೆದಿದ್ದೇವೆಯೇ ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾಗುತ್ತದೆ.

ಈ ಯೋಚನೆ ನಮ್ಮಲ್ಲಿ ಹುಟ್ಟಿದ್ದು ಒಂದು ಸಣ್ಣ ಸಂದರ್ಭದಿಂದ. ನಮ್ಮ ಬಳಗದವರೊಬ್ಬರ ಹಳೆಯ ಮನೆಯ ಅಟ್ಟವನ್ನು ಶುಚಿಗೊಳಿಸುವಾಗ ಹೊಗೆ ಹಿಡಿದ ಒಂದು ಬಿಲ್ಲು ಸಿಕ್ಕಿತು. ಮಕ್ಕಳು ಅದನ್ನು ಅಂಗಳಕ್ಕೆ ತಂದು, "ಇದಕ್ಕೆ ದಾರ ಎಲ್ಲಿ?" ಎಂದು ಕೇಳಿದರು. ಮನೆಯ ಹಿರಿಯರು ನಕ್ಕು, "ಹೆದೆ ಹೋಗಿ ಎಷ್ಟೋ ಕಾಲವಾಯಿತು ಮಕ್ಕಳೇ. ಮೇಣ ತಿಕ್ಕುವವರು ಇಲ್ಲವಾದ ಮೇಲೆ ಅದು ಉಳಿಯುವುದುಂಟೆ?" ಎಂದರು. ಆ ಒಂದು ಮಾತೇ ಈ ಲೇಖನಕ್ಕೆ ಕಾರಣ. ಬಿಲ್ಲು ಮರದ್ದು, ಬಾಣದ ಮೊನೆ ಕಬ್ಬಿಣದ್ದು. ಅವು ತಲೆಮಾರುಗಳ ಕಾಲ ಬಾಳುತ್ತವೆ. ಹೆದೆ ಮಾತ್ರ ನಿತ್ಯದ ಆರೈಕೆಯಿಂದಲೇ ಬದುಕುವ ವಸ್ತು. ಆರೈಕೆ ನಿಂತ ದಿನವೇ ಅದು ಸಾಯಲು ತೊಡಗುತ್ತದೆ. ಹಾಗೆ ಸತ್ತ ಹೆದೆಯೊಡನೆ ಅದನ್ನು ಕಾಪಾಡಿದವರ ನೆನಪೂ ಅಳಿದುಹೋಗಿದೆ.

ಹೆದೆಯ ಹೆಸರುಗಳು

ಮೊದಲು ಹೆಸರುಗಳನ್ನು ನೋಡೋಣ. ಕನ್ನಡದಲ್ಲಿ ಬಿಲ್ಲಿನ ಹಗ್ಗಕ್ಕೆ ಹೆದೆ ಎನ್ನುತ್ತೇವೆ. ಹಳೆಯ ಕಾವ್ಯಗಳಲ್ಲಿ ತಿರು ಎಂಬ ಮಾತೂ ಉಂಟು. ನಮ್ಮ ನೆರೆಯ ಮಲಯಾಳಿಗಳು ಞಾಣ್ ಎನ್ನುತ್ತಾರೆ, ತಮಿಳರು ನಾಣ್ ಎನ್ನುತ್ತಾರೆ. ನಮ್ಮ ನೇಣು ಎಂಬ ಮಾತೂ ಇದೇ ಕುಲದ್ದು. ಒಂದು ಕಾಲದಲ್ಲಿ ಹಗ್ಗಕ್ಕೆಲ್ಲ ಸಲ್ಲುತ್ತಿದ್ದ ಆ ಪದ ಇಂದು ಹೆಚ್ಚಾಗಿ ಕೊರಳಿಗೆ ಬೀಳುವ ಕುಣಿಕೆಯ ಅರ್ಥಕ್ಕೆ ಉಳಿದಿರುವುದು ಭಾಷೆಯ ವಿಧಿ. ಸಂಸ್ಕೃತದಲ್ಲಿ ಜ್ಯಾ, ಮೌರ್ವಿ, ಶಿಂಜಿನಿ, ಗುಣ ಎಂಬ ಹೆಸರುಗಳಿವೆ. ಗುಣವೆಂದರೆ ಹೆದೆಯೂ ಹೌದು, ಸದ್ಗುಣವೂ ಹೌದು. ಈ ಎರಡರ್ಥವನ್ನು ಹಿಡಿದು ಶ್ಲೇಷೆಯಾಡದ ಕವಿಗಳು ವಿರಳ. ಬಾಗಿದ ಬಿಲ್ಲಿಗೂ ಬಾಗಿದ ತಲೆಗೂ ಗುಣವೇ ಆಧಾರವೆಂಬ ಭಾವ ನಮ್ಮ ಹಿರಿಯರಿಗೆ ಮೆಚ್ಚುಗೆಯಾಗಿತ್ತು.

ಮೌರ್ವಿ ಎಂಬ ಹೆಸರು ಹೆದೆಯ ಹುಟ್ಟನ್ನೇ ಹೇಳುತ್ತದೆ. ಮೂರ್ವೆಯೆಂಬ ಗಿಡದ ನಾರಿನಿಂದ ಹೊಸೆದದ್ದು ಮೌರ್ವಿ. ಕತ್ತಿಯಂತೆ ನೆಟ್ಟಗೆ ನಿಲ್ಲುವ ದಪ್ಪ ಎಲೆಗಳ ಸಾನ್ಸೆವೇರಿಯ ಜಾತಿಯ ಸಸ್ಯವೇ ಇದು ಎಂಬುದು ಸಸ್ಯಶಾಸ್ತ್ರಜ್ಞರಲ್ಲಿ ಹಲವರ ಮತ. ಆ ಜಾತಿಯ ಗಿಡಗಳನ್ನು ಇಂದು ನಮ್ಮ ಮನೆಗಳ ಮುಂದೆ ಕುಂಡಗಳಲ್ಲಿ ಅಲಂಕಾರಕ್ಕೆ ಬೆಳೆಸುತ್ತೇವೆ. ಇಂಗ್ಲಿಷರು ಅದರ ನಾರಿಗೆ ಬೋಸ್ಟ್ರಿಂಗ್ ಹೆಂಪ್, ಎಂದರೆ ಹೆದೆಯ ಸೆಣಬು, ಎಂದೇ ಹೆಸರಿಟ್ಟರು. ಉಪನಯನದಲ್ಲಿ ಕ್ಷತ್ರಿಯ ವಟುವಿಗೆ ಮೂರ್ವೆಯ ಹೆದೆಯನ್ನೇ ಮೇಖಲೆಯಾಗಿ ಕಟ್ಟಬೇಕೆಂದು ಮನುಸ್ಮೃತಿ ವಿಧಿಸುತ್ತದೆ.

ಜ್ಯಾ ಎಂಬ ಹೆಸರಂತೂ ದೂರದ ಪ್ರಯಾಣವನ್ನೇ ಮಾಡಿದೆ. ವೃತ್ತದ ಕಂಸವನ್ನು ಬಿಲ್ಲೆಂದೂ ಅದರ ಎರಡು ತುದಿಗಳನ್ನು ಸೇರಿಸುವ ಗೆರೆಯನ್ನು ಹೆದೆಯೆಂದೂ ನಮ್ಮ ಗಣಿತಜ್ಞರು ಕರೆದರು. 499ರಲ್ಲಿ ಆರ್ಯಭಟನು ಇಪ್ಪತ್ತನಾಲ್ಕು ಜ್ಯಾಗಳ ಪಟ್ಟಿಯನ್ನು ಕೊಟ್ಟನು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಬಿಲ್ಲಿನಾಕಾರದ ಕ್ಷೇತ್ರಗಳ ಲೆಕ್ಕವನ್ನು ವಿವರಿಸಿದನು. ಜ್ಯಾ ಎಂಬುದರ ಮತ್ತೊಂದು ರೂಪವಾದ ಜೀವಾ ಅರಬ್ಬರಲ್ಲಿ ಜೀಬ ಆಯಿತು. ಬರವಣಿಗೆಯಲ್ಲಿ ಸ್ವರಗಳಿಲ್ಲದ ಕಾರಣ ಅದನ್ನು ಜೈಬ್ ಎಂದು ಓದಿ, ಮಡಿಲು ಎಂಬ ಅರ್ಥ ಮಾಡಿಕೊಂಡ ಯುರೋಪಿನವರು ಲ್ಯಾಟಿನ್ನಿನಲ್ಲಿ ಸೈನಸ್ ಎಂದು ಅನುವಾದಿಸಿದರು. ನಮ್ಮ ಮಕ್ಕಳು ಶಾಲೆಯಲ್ಲಿ ಸೈನ್ ಎಂದು ಕಲಿಯುವ ಮಾತಿನ ಮೂಲ ಒಂದು ಬಿಲ್ಲಿನ ಹೆದೆ.

ನಾರು, ನರ, ಬಿದಿರು

ಹೆದೆಯನ್ನು ಯಾವುದರಿಂದ ಮಾಡುತ್ತಿದ್ದರು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಬೆಳಕಿಗೆ ತಂದು, 1909ರಲ್ಲಿ ಪ್ರಕಟಿಸಿದವರು ಆರ್. ಶಾಮಾಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆಲ್ಲ ಹೆಮ್ಮೆಯ ಸಂಗತಿ. ಅದರ ಎರಡನೆಯ ಅಧಿಕರಣದ ಹದಿನೆಂಟನೆಯ ಅಧ್ಯಾಯ ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುತ್ತದೆ. ಅಲ್ಲಿ ಹೆದೆಗೆ ಆರು ದ್ರವ್ಯಗಳನ್ನು ಹೆಸರಿಸಿದೆ: ಮೂರ್ವೆ, ಎಕ್ಕ, ಸಣಬು, ಗವೇಧು ಎಂಬ ಹುಲ್ಲಿನ ಜಾತಿ, ಬಿದಿರು ಮತ್ತು ಪ್ರಾಣಿಯ ನರ. ಆರರಲ್ಲಿ ಐದು ಸಸ್ಯಮೂಲದವು ಎಂಬುದನ್ನು ಗಮನಿಸಬೇಕು.

ಎಕ್ಕದ ಗಿಡವನ್ನು ನಾವೆಲ್ಲ ಬಲ್ಲೆವು. ಬೀಳುಭೂಮಿಯಲ್ಲಿ ತಾನಾಗಿ ಬೆಳೆಯುವ, ಮುರಿದರೆ ಹಾಲು ಸುರಿಸುವ ಆ ಗಿಡದ ತೊಗಟೆಯೊಳಗೆ ರೇಷ್ಮೆಯಂತೆ ಹೊಳೆಯುವ ಬಲವಾದ ನಾರಿದೆ. ಕಡ್ಡಿಗಳನ್ನು ಕೊಯ್ದು ಬಾಡಿಸಿ, ತೊಗಟೆಯನ್ನು ಸುಲಿದು, ನಾರನ್ನು ಬಿಡಿಸಿ, ತೊಡೆಯ ಮೇಲೆ ಅಂಗೈಯಿಂದ ಹೊಸೆದು ಎಳೆ ಮಾಡುವುದು ಹಳ್ಳಿಗಳಲ್ಲಿ ಬಹುಕಾಲದಿಂದ ಬಂದ ವಿದ್ಯೆ. ಒಂದೊಂದು ಎಳೆಯನ್ನು ಒಂದು ದಿಕ್ಕಿಗೆ ಹೊಸೆದು, ಎರಡು ಮೂರು ಎಳೆಗಳನ್ನು ಕೂಡಿಸಿ ಎದುರು ದಿಕ್ಕಿಗೆ ತಿರುವಿದರೆ ಹುರಿ ತನಗೆ ತಾನೇ ಬಿಗಿದುಕೊಂಡು ನಿಲ್ಲುತ್ತದೆ. ಹಗ್ಗದ ರಹಸ್ಯವೂ ಹೆದೆಯ ರಹಸ್ಯವೂ ಇದೇ.

ಬಿದಿರಿನ ಹೆದೆ ಇನ್ನೊಂದು ಬಗೆಯದು. ಅಲ್ಲಿ ಹೊಸೆಯುವುದಿಲ್ಲ, ಬಿದಿರಿನ ಹೊರಮೈಯಿಂದ ಸಮನಾದ ಒಂದು ಸೀಳನ್ನು ತೆಗೆದು, ನುಣುಪಾಗಿ ಹೆರೆದು, ಎರಡು ತುದಿಗಳಲ್ಲಿ ಕಟ್ಟುತ್ತಾರೆ. ಮಧ್ಯಭಾರತದ ಭಿಲ್ಲರ ಬಿಲ್ಲುಗಳಲ್ಲಿ ಇಂಥ ಬಿದಿರುಸೀಳಿನ ಹೆದೆಯನ್ನು ಇತ್ತೀಚಿನವರೆಗೂ ಕಾಣಬಹುದಾಗಿತ್ತು. ಕೌಟಿಲ್ಯನ ಪಟ್ಟಿಯ ಒಂದು ಮಾತು ಎರಡು ಸಾವಿರ ವರ್ಷಗಳ ಬಳಿಕವೂ ಕಾಡಿನಲ್ಲಿ ಬಳಕೆಯಲ್ಲಿತ್ತೆಂದರೆ, ಅರಮನೆಯ ಆಯುಧಾಗಾರವೂ ಅಡವಿಯ ಗುಡಿಸಲೂ ಒಂದೇ ವಿದ್ಯೆಯನ್ನು ಹಂಚಿಕೊಂಡಿದ್ದವು ಎಂದಾಯಿತು.

ಮೇಣ ಮಾಡುವ ಕೆಲಸ

ನಾರಿನ ಹೆದೆಗೆ ಶತ್ರುಗಳು ಮೂವರು: ತೇವ, ತಿಕ್ಕಾಟ ಮತ್ತು ಹುಳು. ತೇವದಿಂದ ನಾರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಹಾಗೆ ಪದೇ ಪದೇ ಆದರೆ ಕೊಳೆಯುತ್ತದೆ. ನರದ ಹೆದೆಯಾದರೆ ತೇವಕ್ಕೆ ಜೋಲುಬಿದ್ದು ಬಲಗುಂದುತ್ತದೆ. ತಿಕ್ಕಾಟ ಎರಡು ಕಡೆಯದು. ಪ್ರತಿ ಸಲ ಹೆದೆಯನ್ನು ಸೆಳೆದು ಬಿಟ್ಟಾಗಲೂ ಒಳಗಿನ ಎಳೆಗಳು ಒಂದರ ಮೇಲೊಂದು ಉಜ್ಜುತ್ತವೆ. ಹೊರಗೆ, ಬಿಲ್ಲಿನ ತುದಿಯ ಕಚ್ಚಾದ ಕೊಪ್ಪಿನಲ್ಲಿ ಸಿಕ್ಕಿಸಿದ ಕುಣಿಕೆಯೂ ಬಾಣದ ಬುಡ ಕೂರುವ ನಡುಭಾಗವೂ ಸವೆಯುತ್ತವೆ. ಹುಳುಗಳ ಮಾತನ್ನು ಮುಂದೆ ಹೇಳುತ್ತೇವೆ.

ಈ ಶತ್ರುಗಳನ್ನು ತಡೆಯಲು ಮನುಷ್ಯ ಕಂಡುಕೊಂಡ ಮದ್ದು ಜೇನುಮೇಣ. ಮೇಣ ನೀರನ್ನು ಒಳಬಿಡದು. ಎಳೆಗಳ ನಡುವೆ ಸೇರಿ ಅವು ಒಂದನ್ನೊಂದು ಕೊರೆಯದಂತೆ ಜಾರುಮೈ ಕೊಡುತ್ತದೆ. ಬಿಡಿನಾರುಗಳನ್ನು ಅಂಟಿಸಿ ಹೆದೆಯನ್ನು ಒಂದೇ ಮೈಯಾಗಿ ಹಿಡಿದಿಡುತ್ತದೆ. ತಿಕ್ಕುವ ಕ್ರಮ ಸರಳವಾದರೂ ತಾಳ್ಮೆ ಬೇಡುತ್ತದೆ. ಮೊದಲು ಹೆದೆಯ ಮೇಲಿನ ಧೂಳನ್ನೂ ಹಳೆಯ ಕೊಳೆತ ಮೇಣವನ್ನೂ ಒರೆಸಬೇಕು. ಬಳಿಕ ಮೇಣದ ಉಂಡೆಯನ್ನು ಉದ್ದಕ್ಕೂ ಹಗುರವಾಗಿ ಎಳೆಯಬೇಕು. ಕೊನೆಗೆ ತೊಗಲಿನ ತುಂಡನ್ನೋ ಬೆರಳುಗಳನ್ನೋ ಸುತ್ತಿ ಹಿಡಿದು ಚುರುಕಾಗಿ ಮೇಲಕ್ಕೂ ಕೆಳಕ್ಕೂ ಉಜ್ಜಬೇಕು. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅಷ್ಟು ಕಾಯದಿದ್ದರೂ ಉಜ್ಜಿದ ಬಿಸುಪಿಗೆ ಅದು ಮೆತ್ತಗಾಗಿ ನಾರಿನೊಳಗೆ ಇಳಿಯುತ್ತದೆ. ಮೇಲೆ ಉಳಿದ ಹೆಚ್ಚಿನ ಮೇಣವನ್ನು ಒರೆಸಿ ತೆಗೆಯಬೇಕು. ಇಲ್ಲವಾದರೆ ಅದು ಧೂಳನ್ನು ಹಿಡಿಯುತ್ತದೆ, ಹೆದೆಯ ತೂಕವನ್ನು ಹೆಚ್ಚಿಸಿ ಬಾಣದ ವೇಗವನ್ನು ತಗ್ಗಿಸುತ್ತದೆ.

ಹೆದೆಯ ಮೈಮೇಲೆ ನವಿರಾದ ಕೂದಲಿನಂತೆ ನಾರು ಎದ್ದರೆ ಅದು ಮೇಣ ಬೇಡುತ್ತಿದೆ ಎಂದು ತಿಳಿಯಬೇಕು. ಒಂದು ಎಳೆ ಪೂರ್ತಿ ತುಂಡಾಗಿದ್ದರೆ ಮೇಣದಿಂದ ಪ್ರಯೋಜನವಿಲ್ಲ, ಹೆದೆಯನ್ನೇ ಬದಲಿಸಬೇಕು. ಏಕೆಂದರೆ ಪೂರ್ತಿ ಸೆಳೆದಾಗ ಹೆದೆ ಹರಿದರೆ ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿನ ಮೇಲೆಯೇ ತಿರುಗಿ, ಬಿಲ್ಲು ಸೀಳಿಹೋಗಬಹುದು. ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡಬಾರದು ಎಂಬ ಕಟ್ಟಳೆಗೂ ಇದೇ ಕಾರಣ. ಕೆಲಸವಿಲ್ಲದಾಗ ಹೆದೆ ಇಳಿಸಿಡಬೇಕು. ಸದಾ ಏರಿಸಿಟ್ಟ ಬಿಲ್ಲು ಬಾಗಿದಂತೆಯೇ ನಿಂತು ಕಸುವು ಕಳೆದುಕೊಳ್ಳುತ್ತದೆ.

ಗ್ರಂಥಗಳು ಕಂಡ ಹೆದೆ

ಹುಳುವಿನ ಭಯವನ್ನು ನಮ್ಮ ಪ್ರಾಚೀನರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದಕ್ಕೆ ಶತಪಥ ಬ್ರಾಹ್ಮಣದ ಒಂದು ಕಥೆ ಸಾಕ್ಷಿ. ಯಜ್ಞದಲ್ಲಿ ಮೇಲುಗೈ ಪಡೆದ ವಿಷ್ಣು ಹೆದೆಯೇರಿಸಿದ ಬಿಲ್ಲಿನ ತುದಿಗೆ ತಲೆಯಾನಿಸಿ ನಿಂತಿದ್ದನು. ಹತ್ತಿರ ಬರಲು ದೇವತೆಗಳಿಗೆ ಧೈರ್ಯವಿಲ್ಲ. ಆಗ ಗೆದ್ದಲುಗಳು, ಹೆದೆಯನ್ನು ಕಡಿದರೆ ನಮಗೇನು ಕೊಡುವಿರಿ ಎಂದು ಕೇಳಿದವು. ಅನ್ನದ ಸುಖವನ್ನೂ ಮರುಭೂಮಿಯಲ್ಲಿಯೂ ನೀರು ದೊರೆಯುವ ವರವನ್ನೂ ದೇವತೆಗಳು ಕೊಟ್ಟರು. ಗೆದ್ದಲುಗಳು ಹೆದೆಯನ್ನು ಕಡಿದವು. ಬಿಲ್ಲಿನ ತುದಿಗಳು ಸಿಡಿದು ವಿಷ್ಣುವಿನ ತಲೆ ಹಾರಿತು. ಆ ತಲೆಯೇ ಸೂರ್ಯನಾಯಿತು. ಕಥೆಯ ಯಜ್ಞಾರ್ಥ ಏನೇ ಇರಲಿ, ಗೆದ್ದಲು ಹತ್ತಿದ ಹೆದೆಯನ್ನೂ ಅದು ಹರಿದಾಗ ಬಿಲ್ಲು ಸಿಡಿಯುವ ಅಪಾಯವನ್ನೂ ಕಣ್ಣಾರೆ ಕಂಡವರಲ್ಲದೆ ಬೇರೆಯವರು ಇದನ್ನು ಕಲ್ಪಿಸಲಾರರು. ವಯನಾಡಿನಲ್ಲಿ ಮನೆ ಕಟ್ಟಿ ಬಾಳುವ ನಮಗೆ ಗೆದ್ದಲಿನ ಪ್ರತಾಪವನ್ನು ಬೇರೆ ವಿವರಿಸಬೇಕಾಗಿಲ್ಲ.

ಅರ್ಥಶಾಸ್ತ್ರವೂ ಇದೇ ಎಚ್ಚರಿಕೆಯನ್ನು ಆಡಳಿತದ ಭಾಷೆಯಲ್ಲಿ ಹೇಳುತ್ತದೆ. ಆಯುಧಗಳನ್ನು ಆಗಾಗ ಸ್ಥಳ ಬದಲಿಸಬೇಕು, ಬಿಸಿಲಿಗೂ ಗಾಳಿಗೂ ಒಡ್ಡಬೇಕು, ಶಾಖದಿಂದಲೋ ತೇವದಿಂದಲೋ ಹುಳುಗಳಿಂದಲೋ ಕೆಡುವಂಥವನ್ನು ಬೇರೆಡೆ ಇಡಬೇಕು ಎಂದು ಅಲ್ಲಿ ವಿಧಿಸಿದೆ. ರಾಜ್ಯದ ಬಲ ಯುದ್ಧದ ದಿನ ತೋರುತ್ತದೆ. ಆದರೆ ಅದನ್ನು ಉಳಿಸುವುದು ಯುದ್ಧವಿಲ್ಲದ ದಿನಗಳ ಆರೈಕೆ ಎಂಬ ತಿಳಿವು ಈ ವಿಧಿಯಲ್ಲಿದೆ.

ಮಹಾಭಾರತದಲ್ಲಿಯೂ ಹೆದೆ ಎರಡು ಕಡೆ ನಮ್ಮ ಮನಸ್ಸನ್ನು ಹಿಡಿಯುತ್ತದೆ, ಎರಡೂ ವಿರಾಟಪರ್ವದವು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಬನ್ನಿಯ ಮರದಲ್ಲಿ ಆಯುಧಗಳನ್ನು ಅಡಗಿಸಿಡುವ ಮುನ್ನ ಒಬ್ಬೊಬ್ಬರಾಗಿ ತಮ್ಮ ಬಿಲ್ಲುಗಳ ಹೆದೆಯನ್ನು ಇಳಿಸುತ್ತಾರೆ. ಒಂದು ವರ್ಷದ ಕಾಲ ಮುಟ್ಟದೆ ಇಡುವ ಬಿಲ್ಲಿಗೆ ಸಲ್ಲಬೇಕಾದ ಉಪಚಾರವದು. ಎರಡನೆಯದು, ಬೃಹನ್ನಳೆಯ ವೇಷ ತೊಡುವ ಅರ್ಜುನನ ಚಿಂತೆ. ಹೆದೆ ತಾಗಿ ತಾಗಿ ಎರಡು ತೋಳುಗಳಲ್ಲಿಯೂ ಬಿದ್ದ ಕಲೆಗಳನ್ನು ಮರೆಮಾಚುವುದು ಕಷ್ಟವೆಂದು ಅವನು ಬಳೆಗಳನ್ನು ತೊಡಲು ನಿಶ್ಚಯಿಸುತ್ತಾನೆ. ಹೆಸರನ್ನೂ ವೇಷವನ್ನೂ ಬದಲಿಸಿಕೊಂಡವನ ಮೈಯಲ್ಲಿ ಹೆದೆಯ ಗುರುತು ಮಾತ್ರ ಅಳಿಯದೆ ಉಳಿದಿತ್ತು.

ಹೊರನಾಡುಗಳಲ್ಲಿ

ಈ ಎಚ್ಚರ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5300 ವರ್ಷಗಳ ಹಿಂದಿನ ಮನುಷ್ಯನ ಬತ್ತಳಿಕೆಯಲ್ಲಿ ಸುರುಳಿ ಸುತ್ತಿಟ್ಟ ಒಂದು ಹುರಿಯಿತ್ತು. ಅದು ಪ್ರಾಣಿಯ ನರದಿಂದ ಮಾಡಿದ ಹೆದೆಯೆಂದು ವಿದ್ವಾಂಸರು 2019ರಲ್ಲಿ ಪ್ರಕಟಿಸಿದರು. ಅವನ ಬಿಲ್ಲು ಇನ್ನೂ ಕೆತ್ತಿ ಮುಗಿದಿರಲಿಲ್ಲ; ಆದರೆ ಹೆದೆ ಆಗಲೇ ಸಿದ್ಧವಾಗಿ, ಒದ್ದೆಯಾಗದಂತೆ ಬತ್ತಳಿಕೆ ಸೇರಿತ್ತು.

1346ರ ಕ್ರೆಸಿ ಯುದ್ಧದ ದಿನ ಮಳೆ ಸುರಿದಾಗ ಫ್ರೆಂಚರ ಪಕ್ಷದ ಜಿನೋವಾದ ಯಂತ್ರಬಿಲ್ಲುಗಾರರ ಹೆದೆಗಳು ನೆನೆದು ಕೆಟ್ಟವೆಂದೂ ಇಂಗ್ಲಿಷರು ತಮ್ಮ ಹೆದೆಗಳನ್ನು ಬಿಚ್ಚಿ ಟೋಪಿಯೊಳಗೆ ಬಚ್ಚಿಟ್ಟು ಉಳಿಸಿಕೊಂಡರೆಂದೂ ಅಂದಿನ ವೃತ್ತಾಂತಕಾರರೊಬ್ಬರು ಬರೆದಿದ್ದಾರೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಎಂಬ ಇಂಗ್ಲಿಷ್ ಹಡಗಿನಿಂದ 170ಕ್ಕೂ ಹೆಚ್ಚು ಬಿಲ್ಲುಗಳೂ ಸಾವಿರಾರು ಬಾಣಗಳೂ ದೊರೆತವು. ಹೆದೆಗಳು ಮಾತ್ರ ಉಳಿದಿರಲಿಲ್ಲ. ಅದೇ 1545ರಲ್ಲಿ ರೋಜರ್ ಆಸ್ಕಂ ಎಂಬ ವಿದ್ವಾಂಸನು ಬಿಲ್ಲುಗಾರಿಕೆಯ ಮೇಲೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಪ್ರಕಟವಾಯಿತು. ಹೆದೆ ಸಣ್ಣ ವಸ್ತುವಾದರೂ ಅದು ಕೆಟ್ಟದ್ದಾದರೆ ಒಳ್ಳೆಯ ಬಿಲ್ಲೂ ಹಾಳಾಗುತ್ತದೆಂದು ಅವನು ಎಚ್ಚರಿಸಿದ್ದನು. ಅಟ್ಟದ ಮೇಲಿನ ನಮ್ಮ ಬಿಲ್ಲಿಗೆ ಆದ ಗತಿಯೇ ಕಡಲ ತಳದ ಆ ಬಿಲ್ಲುಗಳಿಗೂ ಆಗಿತ್ತು.

ಪನಮರದ ಕೋಟೆಯ ಮುಂದೆ

ಈಗ ನಮ್ಮ ನೆಲಕ್ಕೆ ಮರಳೋಣ. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ವಯನಾಡಿನ ಮೇಲೆ ಈಸ್ಟ್ ಇಂಡಿಯಾ ಕಂಪನಿಯೂ ಪಳಶ್ಶಿ ರಾಜನೂ ಹಕ್ಕು ಸಾಧಿಸಿದರು. 1802ರ ಅಕ್ಟೋಬರ್ 11ರಂದು ಎಡಚ್ಚನ ಕುಂಗನ್ ಮತ್ತು ಕುರಿಚ್ಯರ ನಾಯಕ ತಲಕ್ಕಲ್ ಚಂದು ಪನಮರದ ಕೋಟೆಯ ಮೇಲೆ ಬಿದ್ದರು. ಅಲ್ಲಿದ್ದ ಎಪ್ಪತ್ತು ಜನರ ಕಂಪನಿ ಪಡೆ ನಾಶವಾಯಿತು. ಕ್ಯಾಪ್ಟನ್ ಡಿಕೆನ್ಸನ್ ಮತ್ತು ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಮಡಿದರು. ವಿಲಿಯಂ ಲೋಗನ್ 1887ರ ತನ್ನ ಮಲಬಾರ್ ಮ್ಯಾನ್ಯುಯಲ್‌ನಲ್ಲಿ ದಾಳಿಯಲ್ಲಿ ಸುಮಾರು 150 ಕುರಿಚ್ಯರಿದ್ದರೆಂದೂ ಅವರು 112 ಬಂದೂಕುಗಳನ್ನೂ ಮದ್ದುಗುಂಡಿನ ಪೆಟ್ಟಿಗೆಗಳನ್ನೂ 6000 ರೂಪಾಯಿಗಳನ್ನೂ ವಶಪಡಿಸಿಕೊಂಡರೆಂದೂ ದಾಖಲಿಸಿದ್ದಾನೆ.

ಈ ಗೆಲುವನ್ನು ನಾವು ಬಿಲ್ಲಿನ ಗೆಲುವೆಂದು ಹಾಡುತ್ತೇವೆ, ಅದು ಸರಿಯೇ. ಆದರೆ ಯೋಚಿಸಿ ನೋಡಿದರೆ, ಅದರ ಹಿಂದೆ ಮುಂಗಾರಿನ ತಿಂಗಳುಗಳಿದ್ದವು. ವಯನಾಡಿನ ಮಳೆಗಾಲವೆಂದರೆ ಗೋಡೆಯೇ ಬೆವರುವ ಕಾಲ. ಬಟ್ಟೆಗೆ ಬೂಷ್ಟು ಹಿಡಿಯುವ, ಒಲೆಯ ಮೇಲೆ ಕಟ್ಟಿದ ವಸ್ತು ಮಾತ್ರ ಒಣಗಿರುವ ಕಾಲ. ಬಂದೂಕಿನ ಮದ್ದನ್ನು ಕಾಪಾಡುವಷ್ಟೇ ಎಚ್ಚರದಿಂದ ಬಿಲ್ಲನ್ನೂ ಹೆದೆಯನ್ನೂ ಕಾಪಾಡಬೇಕು. ದಾಳಿಯ ದಿನ ಸಿದ್ಧವಾಗಿದ್ದ ಒಂದೊಂದು ಬಿಲ್ಲಿನ ಹಿಂದೆಯೂ ತಿಂಗಳುಗಟ್ಟಲೆ ಹೊಗೆಯಟ್ಟದಲ್ಲಿ, ಒಲೆಯ ಪಕ್ಕದಲ್ಲಿ ಅದನ್ನು ನೋಡಿಕೊಂಡ ಕೈಗಳಿದ್ದವೆಂದು ಊಹಿಸುವುದು ಕಷ್ಟವಲ್ಲ. ಆ ಕೈಗಳ ಹೆಸರು ಯಾವ ಮ್ಯಾನ್ಯುಯಲ್‌ನಲ್ಲಿಯೂ ಇಲ್ಲ.

1805ರ ನವೆಂಬರ್‌ನಲ್ಲಿ ತಲಕ್ಕಲ್ ಚಂದುವಿಗೆ ಮರಣದಂಡನೆಯಾಯಿತು. ಅದೇ ತಿಂಗಳ 30ರಂದು ಪುಲ್ಪಳ್ಳಿಯ ಬಳಿಯ ಮಾವಿಲ ತೋಡಿನಲ್ಲಿ ಪಳಶ್ಶಿ ರಾಜನು ಅಳಿದನು. 1812ರಲ್ಲಿ ಕಂದಾಯದ ಭಾರ ತಾಳಲಾರದೆ ಕುರಿಚ್ಯರೂ ಕುರುಮರೂ ಮತ್ತೊಮ್ಮೆ ಎದ್ದರು. ಅದೂ ಅಡಗಿತು. ಬಿಲ್ಲು ಯುದ್ಧದ ಆಯುಧವಾಗಿ ಅಲ್ಲಿಗೆ ಮುಗಿಯಿತು. ಬೇಟೆಯ ಸಾಧನವಾಗಿಯೂ ಹಬ್ಬದ ಆಚರಣೆಯಾಗಿಯೂ ಮಾತ್ರ ಉಳಿಯಿತು.

ಜೇನು ಮತ್ತು ಕಾಯಿದೆ

ಇಲ್ಲಿ ನಮ್ಮ ಕನ್ನಡದ ಬಂಧುಗಳ ಮಾತು ಬರಬೇಕು. ಕರ್ನಾಟಕದಲ್ಲಿ ಜೇನುಕುರುಬರೆಂದು ಕರೆಸಿಕೊಳ್ಳುವವರ ಬಳಗದವರೇ ವಯನಾಡಿನ ಕಾಟ್ಟುನಾಯ್ಕರು. ಅವರ ನುಡಿ ಕನ್ನಡದ ಮಗ್ಗುಲಲ್ಲೇ ಬೆಳೆದದ್ದು. ಎತ್ತರದ ಮರಗಳ ಕೊಂಬೆಗಳಲ್ಲಿ, ಬಂಡೆಗಳ ಸೆರಗಿನಲ್ಲಿ ತೂಗುವ ಹೆಜ್ಜೇನಿನ ತಟ್ಟಿಗಳನ್ನು ರಾತ್ರಿಯ ಹೊತ್ತು ಹೊಗೆಯಿಟ್ಟು ಇಳಿಸುವುದು ಅವರ ಕುಲವಿದ್ಯೆ. ಜೇನು ಹಿಂಡಿದ ಮೇಲೆ ಉಳಿದ ತಟ್ಟಿಯನ್ನು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಲು ಬಿಟ್ಟರೆ ಮೇಣ ಮೇಲೆ ತೇಲಿ ಗಟ್ಟಿಯಾಗುತ್ತದೆ. ಬಿದಿರಿನ ಬುಟ್ಟಿ ಹೆಣೆಯುವ, ಮಣ್ಣಿನ ಮಡಕೆ ಮಾಡುವ ಊರಾಳಿ ಕುರುಮರ ನುಡಿಯೂ ನಮ್ಮದಕ್ಕೆ ಹತ್ತಿರದ್ದೇ. ಬಿಲ್ಲಿನ ಕಥೆಯಲ್ಲಿ ಹೆಸರಾದವರು ಬಿಲ್ಲುಗಾರರು. ಅದೇ ಕಾಡಿನಲ್ಲಿ ಮೇಣವನ್ನೂ ಬಿದಿರನ್ನೂ ಬಲ್ಲವರಾಗಿ ಬಾಳಿದ ಇವರು ಆ ಕಥೆಯ ಅಂಚಿನಲ್ಲಿಯೇ ಉಳಿದರು.

ಯುದ್ಧ ಮುಗಿದ ಮೇಲೆ ಹೆದೆಯನ್ನು ನಿಜವಾಗಿ ಹರಿದದ್ದು ಕಾಯಿದೆ. 1882ರ ಮದ್ರಾಸ್ ಅರಣ್ಯ ಕಾಯಿದೆ ಬಂದ ಮೇಲೆ ಮಲಬಾರಿನ ಕಾಡು ಮೀಸಲಾಗತೊಡಗಿತು. ಮುಂದೆ 1927ರ ಭಾರತೀಯ ಅರಣ್ಯ ಕಾಯಿದೆಯ ಅರಣ್ಯೋತ್ಪನ್ನಗಳ ಪಟ್ಟಿಯಲ್ಲಿ ಜೇನು ಮತ್ತು ಮೇಣ ಎಂದು ಬಿಡಿಸಿಯೇ ಬರೆದಿರುವುದನ್ನು ಕಾಣುತ್ತೇವೆ. ತಾತನ ಕಾಲದಿಂದ ಕೈಗೆಟುಕಿದ ಮೇಣದ ಉಂಡೆ ಹೀಗೆ ಅನುಮತಿ ಬೇಡುವ ಸರಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. 1973ರಲ್ಲಿ ವಯನಾಡು ವನ್ಯಜೀವಿಧಾಮ ಸ್ಥಾಪನೆಯಾಯಿತು. ಕಾಡುಪ್ರಾಣಿಗಳ ಉಳಿವಿಗೆ ಇವು ಅಗತ್ಯವಾಗಿದ್ದವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೇಟೆಯಿಲ್ಲದೆ ಬಿಲ್ಲಿಗೆ ಕೆಲಸವಿಲ್ಲ, ಕೆಲಸವಿಲ್ಲದ ಬಿಲ್ಲಿಗೆ ಹೆದೆ ಬೇಕಿಲ್ಲ, ಹೆದೆಯಿಲ್ಲದಲ್ಲಿ ಮೇಣ ತಿಕ್ಕುವ ಕೈಗೆ ನೆನಪಿಡುವ ಕಾರಣವಿಲ್ಲ. ವಿದ್ಯೆಯೊಂದು ಅಳಿಯುವ ಕ್ರಮ ಹೀಗೆಯೇ.

2006ರ ಅರಣ್ಯ ಹಕ್ಕುಗಳ ಕಾಯಿದೆ ಈ ಕಥೆಗೆ ಒಂದು ತಿರುವು ಕೊಟ್ಟಿದೆ. ಅರಣ್ಯವಾಸಿಗಳಿಗೆ ಒಡೆತನದ ಹಕ್ಕಿರುವ ಕಿರು ಅರಣ್ಯೋತ್ಪನ್ನಗಳಲ್ಲಿ ಬಿದಿರು, ಜೇನು ಮತ್ತು ಮೇಣವನ್ನು ಅದು ಹೆಸರಿಸಿ ಹೇಳುತ್ತದೆ. 1927ರ ಪಟ್ಟಿಯಲ್ಲಿ ಸರ್ಕಾರದ ಹತೋಟಿಗೆ ಸೇರಿದ್ದ ಅದೇ ಮಾತು 2006ರ ಪಟ್ಟಿಯಲ್ಲಿ ಜನರ ಕಡೆಗೆ ಮರಳಿತು. ಹಕ್ಕು ಕಾಗದದ ಮೇಲೆ ಬಂತು. ಆದರೆ ನಡುವಿನ ತಲೆಮಾರುಗಳು ಕಳೆದುಕೊಂಡ ತಿಳಿವು ಕಾಯಿದೆಯಿಂದ ಹಿಂದಿರುಗಿ ಬರುವಂಥದ್ದಲ್ಲ.

ಹೆದೆ ಉಳಿದ ಮತ್ತೊಂದು ಕಡೆ

ಬಿಲ್ಲಿನ ಹೆದೆ ಯುದ್ಧ ಬೇಟೆಗಳಾಚೆಗೆ ಬಾಳಿದ್ದೂ ಉಂಟು. ನಮ್ಮಂತೆಯೇ ಗಡಿಯಾಚೆ ಬಾಳುವ ಆದೋನಿ, ರಾಯದುರ್ಗ, ಸೊಲ್ಲಾಪುರದ ಕನ್ನಡಿಗರಿಗೆ ಹತ್ತಿ ಹಿಂಜುವ ಪಿಂಜಾರರ ಬಿಲ್ಲು ನೆನಪಿರಬೇಕು. ಆಳೆತ್ತರದ ಆ ಬಿಲ್ಲನ್ನು ಸೂರಿನಿಂದ ಇಳಿಬಿಟ್ಟು, ಕರುಳಿನಿಂದ ಮಾಡಿದ ಬಿಗಿಯಾದ ಹೆದೆಯನ್ನು ಹತ್ತಿಯ ರಾಶಿಯೊಳಗೆ ಇರಿಸಿ, ಮರದ ಗುಂಡಿನಿಂದ ಮೀಟಿದರೆ ಹೆದೆಯ ಕಂಪನಕ್ಕೆ ಹತ್ತಿ ಮೋಡದಂತೆ ಅರಳುತ್ತಿತ್ತು. ಬೀದಿಯಲ್ಲಿ ಆ ಝೇಂಕಾರ ಕೇಳಿದೊಡನೆ ಹಾಸಿಗೆಯ ಹತ್ತಿಯನ್ನು ಹೊರತರುತ್ತಿದ್ದ ದಿನಗಳು ಬಹಳ ಹಿಂದಿನವಲ್ಲ. ಕೊಲ್ಲುವ ಕೆಲಸದಿಂದ ಬಿಡುಗಡೆ ಪಡೆದ ಹೆದೆ ಅಲ್ಲಿ ಹಾಸಿಗೆಯನ್ನು ಮೆತ್ತಗೆ ಮಾಡುತ್ತಿತ್ತು. ಯಂತ್ರಗಳು ಬಂದ ಮೇಲೆ ಆ ಸದ್ದೂ ಅಡಗಿತು. ಕರುಳಿನ ಹೆದೆಯನ್ನು ಮಳೆಗಾಲದಲ್ಲಿ ಜೋಲುಬೀಳದಂತೆ, ಇಲಿ ಕಡಿಯದಂತೆ ಹೇಗೆ ಕಾಪಾಡುತ್ತಿದ್ದರು ಎಂಬುದನ್ನು ಬಲ್ಲ ಹಿರಿಯರು ಆ ಊರುಗಳಲ್ಲಿದ್ದರೆ, ಅವರ ಮಾತನ್ನೂ ಈಗಲೇ ಕೇಳಿಕೊಳ್ಳಬೇಕು.

ನಾವು ಮಾಡಬೇಕಾದದ್ದು

ಇಂದಿನ ಕ್ರೀಡಾಬಿಲ್ಲುಗಾರರು ಪಾಲಿಯೆಸ್ಟರ್ ಮತ್ತು ಪಾಲಿಥೀನ್ ಎಳೆಗಳ ಹೆದೆಯನ್ನು ಬಳಸುತ್ತಾರೆ. ಆ ಎಳೆಗಳು ನೀರಿಗೆ ಕೊಳೆಯವು, ಗೆದ್ದಲಿಗೆ ರುಚಿಸವು. ಆದರೂ ತರಬೇತುದಾರರು ಶಿಷ್ಯರಿಗೆ ಮೊದಲ ದಿನಗಳಲ್ಲೇ ಕಲಿಸುವುದು ಹೆದೆಗೆ ಮೇಣ ತಿಕ್ಕುವುದನ್ನು. ಎಳೆಗಳ ಒಳಗಿನ ತಿಕ್ಕಾಟ ಇನ್ನೂ ಹಾಗೆಯೇ ಇದೆ. ದ್ರವ್ಯ ಬದಲಾಯಿತು, ಆರೈಕೆ ಬದಲಾಗಲಿಲ್ಲ.

ಆದ್ದರಿಂದ ಈ ಸಮ್ಮೇಳನದ ಸಂದರ್ಭದಲ್ಲಿ ನಮ್ಮ ಸಂಘದ ಬಂಧುಗಳಲ್ಲಿ ಒಂದೇ ಬಿನ್ನಹ. ಅಟ್ಟದ ಮೇಲಿನ ಬಿಲ್ಲನ್ನು ಗೋಡೆಗೆ ತೂಗಿಹಾಕುವ ಮುನ್ನ, ಅದರ ಹೆದೆ ಯಾವ ನಾರಿನದಾಗಿತ್ತು, ಯಾರು ಹೊಸೆದರು, ಮೇಣ ಎಲ್ಲಿಂದ ಬಂತು, ಕೊಪ್ಪಿಗೂ ಕುಣಿಕೆಗೂ ಸುತ್ತುಹುರಿಗೂ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದನ್ನು ಹಿರಿಯರಲ್ಲಿ ಕೇಳಿ ಬರೆದಿಡಿ. ಮಲಯಾಳ, ಕನ್ನಡ, ಜೇನುಕುರುಬರ ನುಡಿ, ಬೆಟ್ಟಕುರುಬರ ನುಡಿ, ಯಾವುದರಲ್ಲಿ ಹೇಳಿದರೂ ಹಾಗೆಯೇ ಬರೆದಿಡಿ. ಆ ಮಾತುಗಳನ್ನು ಬಲ್ಲವರು ಇಂದು ಕೆಲವರೇ ಉಳಿದಿದ್ದಾರೆ. ಬಿಲ್ಲನ್ನು ಇನ್ನು ನೂರು ವರ್ಷ ಬಿಟ್ಟೂ ನೋಡಬಹುದು, ಅವರನ್ನು ಕಾಣಲಾಗದು.

ಗಡಿಯಾಚೆಯ ನಾಡಿನಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದ ನಮಗೆ ಈ ಮಾತು ಹೊಸದೇನಲ್ಲ. ಶಾಲೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು, ಮನೆಯಲ್ಲಿ ಕನ್ನಡ ಎಂಬಂತೆ ಬಾಳಿದ ನಮ್ಮ ತಂದೆತಾಯಂದಿರು ದೊಡ್ಡ ಹೋರಾಟಗಳನ್ನು ಮಾಡದಿದ್ದರೂ ದಿನವೂ ಸಂಜೆ ಮಕ್ಕಳ ಬಾಯಲ್ಲಿ ನಾಲ್ಕು ಕನ್ನಡದ ಮಾತು ಆಡಿಸಿದರು. ಅದರಿಂದಲೇ ನಾವು ಇಂದು ಈ ಸಂಚಿಕೆಯನ್ನು ಓದಬಲ್ಲವರಾಗಿದ್ದೇವೆ. ಆ ಹಳೆಯ ಬಿಲ್ಲಿಗೆ ಹೊಸ ಹೆದೆ ಹೊಸೆಯಲು ನಮ್ಮ ಬಳಗದ ಮಕ್ಕಳು ಎಕ್ಕದ ಕಡ್ಡಿಗಳನ್ನು ಬಾಡಲು ಹಾಕಿದ್ದಾರೆ. ಅದು ಗಟ್ಟಿಯಾಗುವುದೋ ಇಲ್ಲವೋ ಕಾದು ನೋಡಬೇಕು. ಮೇಣವನ್ನಂತೂ ಪಕ್ಕದ ಹಾಡಿಯ ಅಜ್ಜನವರು ಒಂದು ಉಂಡೆ ಕೊಟ್ಟು, ತಿಕ್ಕುವ ದಿನ ತಮ್ಮನ್ನೂ ಕರೆಯಬೇಕೆಂದು ಹೇಳಿ ಕಳಿಸಿದ್ದಾರೆ.